ಚಾಪೆಯ ಹಿಂದಿನ ಕಂಡಿ

ಶಿಷ್ಯ ಚಿದಂಬರ ಕೇಳಿದ: "ಗುರುಗಳೇ, ನಮ್ಮ ಅಪ್ಲಿಕೇಶನ್‌ಗಳೆಲ್ಲ ಕ್ಲಸ್ಟರಿನ ಕಂಪ್ಯೂಟರುಗಳ ಒಳಗೆ, ಬೇರೆ ಬೇರೆ ಕೋಣೆಗಳಂತಿರುವ ಕಂಟೇನರುಗಳಲ್ಲಿವೆ. ಹೊರಗಿನಿಂದ ಬರುವವರೆಲ್ಲ ಒಂದೇ ಬಾಗಿಲಿಗೆ ಬಂದು, ಅಲ್ಲಿ ವಿಚಾರಣೆಯಾಗಿ, ಆಮೇಲೆ ಒಳಗೆ ಹೋಗಬೇಕು ಎನ್ನುತ್ತೀರಿ. ಅಷ್ಟು ಸುತ್ತು ಯಾಕೆ? ನನ್ನ ಅಪ್ಲಿಕೇಶನ್‌ಗೆ ಹೊರಗಿನವರು ನೇರವಾಗಿ ಬರಲು ಒಂದು ಪೋರ್ಟ್ ತೆರೆದರೆ ಸಾಲದೇ? ಹೋದ ವಾರ ಪರೀಕ್ಷೆಗೆಂದು ತೆರೆದು ನೋಡಿದೆ. ಕ್ಷಣದಲ್ಲಿ ಕೆಲಸವಾಯಿತು."

"ಆಗುತ್ತದೆ," ಎಂದರು ಗುರುಗಳು. "ಕೂತುಕೋ."

ಅವರು ಹೇಳಿದ್ದು ಇಷ್ಟು.

ಒಂದು ಊರಿನಲ್ಲಿ ಬಟ್ಟೆಗೆ ನೀಲಿ ಹಾಕುವವರ ವಠಾರವಿತ್ತು. ಸುತ್ತ ಗೋಡೆ, ಒಳಗೆ ಹನ್ನೆರಡು ಕೋಣೆ, ಒಂದೇ ಬಾಗಿಲು. ಬಾವಿಯ ಪಕ್ಕದ ಕೋಣೆ ಎಲ್ಲರಿಗೂ ಬೇಕು. ಆದ್ದರಿಂದ ಪ್ರತಿ ಅಮಾವಾಸ್ಯೆಗೆ ಚೀಟಿ ಎತ್ತಿ ಕೋಣೆ ಬದಲಿಸುತ್ತಿದ್ದರು. ಯಾರು ಎಲ್ಲಿದ್ದಾರೆಂದು ಬಾಗಿಲ ಕಾವಲುಗಾರನಿಗೆ ತಿಳಿದಿರುತ್ತಿತ್ತು. ಬಂದವನನ್ನು ನಿಲ್ಲಿಸಿ, ಯಾರ ಬಳಿಗೆ, ಏನು ಕೆಲಸ ಎಂದು ಕೇಳಿ ಕೋಣೆ ತೋರಿಸುತ್ತಿದ್ದ. ಉತ್ತರ ಹಿಡಿಸದಿದ್ದರೆ ಹಿಂದಕ್ಕೆ ಅಟ್ಟುತ್ತಿದ್ದ. ಇವರಿಗೆ ಎದುರಾಳಿಯಾದ ಪಕ್ಕದ ಬೀದಿಯ ನೀಲಿ ವ್ಯಾಪಾರಿಯನ್ನು ಹಾಗೆ ಎರಡು ಸಲ ಅಟ್ಟಿದ್ದ.

ನೀಲಿ ಏಳುವುದು ಹುದುಗಿನಿಂದ. ವಠಾರದ ಒಬ್ಬ ಮುದುಕಿಯ ಬಳಿ ಅವಳ ಅಜ್ಜಿಯ ಕಾಲದಿಂದ ಕೆಡದೆ ಬಂದ ಹುದುಗಿನ ಹಂಡೆಯಿತ್ತು. ಹಂಡೆಯ ಹುದುಗು ಸೊರಗಿದವರೆಲ್ಲ ಅವಳ ಹಂಡೆಯಿಂದ ಒಂದು ಚೊಂಬು ಒಯ್ದು ಬೆರೆಸಿಕೊಳ್ಳುತ್ತಿದ್ದರು. ಬೇರೆ ದಾರಿ ಇರಲಿಲ್ಲ.

ಒಬ್ಬ ಬಣ್ಣಗಾರನಿಗೆ ಕಾವಲುಗಾರನ ಮೇಲೆ ಅನುಮಾನ.

"ನನ್ನ ಗಿರಾಕಿಗಳನ್ನು ಯಾರ ಕೋಣೆಗೆ ಕಳಿಸುತ್ತೀಯೋ?"

"ನಿಮ್ಮನ್ನು ಕೇಳಿಕೊಂಡು ಬಂದವರನ್ನು ನಿಮ್ಮ ಕೋಣೆಗೇ ಕಳಿಸಿದ್ದೇನೆ, ಯಜಮಾನರೇ."

"ನಿನ್ನ ಮಾತು ನಂಬಬೇಕೋ?"

"ನಂಬಬೇಡಿ. ನಾನೂ ಯಾರನ್ನೂ ನಂಬುವುದಿಲ್ಲ. ನನಗೆ ಸಂಬಳ ಕೊಡುತ್ತಿರುವುದೇ ಅದಕ್ಕೆ."

ಬಣ್ಣಗಾರ ತನ್ನ ಕೋಣೆಯ ಹಿಂಗೋಡೆಯಲ್ಲಿ ನಾಲ್ಕು ಕಲ್ಲು ಕಿತ್ತ. ಒಬ್ಬ ಮನುಷ್ಯ ಬಗ್ಗಿ ನುಗ್ಗುವಷ್ಟು ಕಂಡಿಯಾಯಿತು. ಅದಕ್ಕೆ ಚಾಪೆ ಇಳಿಬಿಟ್ಟ. ಗಿರಾಕಿಗಳಿಗೆ ಗುಟ್ಟಾಗಿ ಹೇಳಿದ. ಅವರು ನೇರವಾಗಿ ಬರತೊಡಗಿದರು. ಅವನಿಗೆ ಖುಷಿಯೋ ಖುಷಿ. ಗಿರಾಕಿಗಳಿಗೆ ಗೊತ್ತಾದದ್ದು ಪಕ್ಕದ ಬೀದಿಗೂ ಗೊತ್ತಾಯಿತು.

ಅಮಾವಾಸ್ಯೆ ಬಂತು. ಚೀಟಿಯಲ್ಲಿ ಅವನಿಗೆ ಬಾವಿಯ ಪಕ್ಕದ ಕೋಣೆ ಸಿಕ್ಕಿತು. ಹಂಡೆ, ಕೋಲು, ಬೂದಿಮೂಟೆ ಎಲ್ಲ ಸಾಗಿಸಿದ. ಚಾಪೆ ಅಲ್ಲೇ ಉಳಿಯಿತು. ಕಂಡಿಯ ಮಾತನ್ನು ಯಾರಿಗೂ ಹೇಳಲಿಲ್ಲ. ಅವನು ಬಿಟ್ಟ ಕೋಣೆ ಮುದುಕಿಯ ಪಾಲಿಗೆ ಬಂತು.

ಒಂದು ಮಧ್ಯಾಹ್ನ ಮುದುಕಿ ಬಟ್ಟೆ ಒಣಹಾಕಲು ಅಂಗಳಕ್ಕೆ ಹೋಗಿದ್ದಳು. ಮರಳಿ ಬಂದಾಗ ಹಂಡೆಯ ನೊರೆ ಇಳಿದಿತ್ತು. ಬೆರಳದ್ದಿ ಮೂಸಿದಳು. ಯಾರೋ ಹುಣಸೆ ನೀರು ಸುರಿದಿದ್ದರು. ಹುಳಿ ಬಿದ್ದರೆ ಹುದುಗು ಸಾಯುತ್ತದೆ. ಮೂರನೆಯ ದಿನ ಹಂಡೆ ನಾರಿತು. ಆ ವಾರ ಬಣ್ಣಗಾರನ ಹಂಡೆಯೂ ಸೊರಗಿತ್ತು. ಅವನು ಚೊಂಬು ಹಿಡಿದು ಬಂದಾಗ ಕೊಡಲು ಏನೂ ಇರಲಿಲ್ಲ.

ವಠಾರದವರೆಲ್ಲ ಕಾವಲುಗಾರನನ್ನು ಸುತ್ತುಗಟ್ಟಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ಆ ಬಣ್ಣಗಾರ.

"ನಾನು ಆಗಲೇ ಹೇಳಿರಲಿಲ್ಲವೇ? ಇವನೇ ದುಡ್ಡು ತಿಂದು ಯಾರನ್ನೋ ಒಳಗೆ ಬಿಟ್ಟಿದ್ದಾನೆ!"

ಕಾವಲುಗಾರ ಮುದುಕಿಯ ಕೋಣೆಯೊಳಗೆ ಹೋಗಿ ನಾಲ್ಕೂ ಗೋಡೆಗಳನ್ನು ನೋಡಿದ. ಕೋಲಿನ ತುದಿಯಿಂದ ಚಾಪೆ ಎತ್ತಿದ. ಬೀದಿಯ ಬೆಳಕು ಸತ್ತ ಹಂಡೆಯ ಮೇಲೆ ಬಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಚಿದಂಬರ ನಕ್ಕ. "ಎಂಥ ದಡ್ಡ! ಕೋಣೆ ಬಿಡುವಾಗ ನಾಲ್ಕು ಕಲ್ಲು ತಿರುಗಿ ಇಡಬಾರದಿತ್ತೇ?"

ಗುರುಗಳು ಅವನನ್ನೇ ನೋಡಿದರು.

"ಹೋದ ವಾರದ ಆ ಪೋರ್ಟನ್ನು ಯಾವಾಗ ಮುಚ್ಚಿದೆ?"

ಚಿದಂಬರ ನಗು ನಿಲ್ಲಿಸಿ ಕಂಪ್ಯೂಟರಿನತ್ತ ಓಡಿದ.