ಮದ್ದಿನ ಮನೆಯ ಏಳು ಬಾಗಿಲು

“ಗುರುಗಳೇ, ಹೋಗಬಾರದವರು ಹೋಗಬಾರದ ಜಾಗಕ್ಕೆ ಕಾಲಿಡದಂತೆ ಕಾಯುವುದು ಹೇಗೆ?” ಎಂದು ಪರ್ವತಯ್ಯ ಕೇಳಿದ. ಮಠದ ಓಲೆಗರಿಗಳ ಭಂಡಾರದ ಕೀಲಿಕೈ ಅವನ ಕೈಗೆ ಬಂದು ಎಂಟು ದಿನವಾಗಿತ್ತು. ಮೂರು ಬೀಗ, ಬಾಗಿಲಿಗೊಂದು ಗಂಟೆ, ಗೋಡೆಯ ಮೇಲೆ ಮುಳ್ಳು, ಇಷ್ಟನ್ನೂ ಅವನು ಆಗಲೇ ಯೋಚಿಸಿಟ್ಟಿದ್ದ.

“ಗೋಡೆಗೆ ಮುಳ್ಳೂ ಬಂತೇ?” ಎಂದು ಗುರುಗಳು ನಕ್ಕು, ಕತೆ ಹೇಳಿದರು.

ಒಂದು ಬೆಟ್ಟದ ಕೋಟೆಯಲ್ಲಿ ಸಿಡಿಮದ್ದು ತುಂಬಿಟ್ಟ ಮನೆಯಿತ್ತು. ಒಂದು ಕಿಡಿ ತಗುಲಿದರೆ ಕೆಳಗಿನ ಊರೂ ಉಳಿಯುವಂತಿರಲಿಲ್ಲ. ಅದಕ್ಕೆ ಏಳು ಬಾಗಿಲು. ಹಿಂದಿನದು ಮುಚ್ಚಿದ ಮೇಲೆಯೇ ಮುಂದಿನದು ತೆರೆಯಬೇಕು. ಒಳಗೆ ಹೋಗುವವರು ಕಬ್ಬಿಣ, ಚಕಮಕಿ, ಚಪ್ಪಲಿ ಎಲ್ಲವನ್ನೂ ಮೊದಲ ಬಾಗಿಲಲ್ಲಿ ಬಿಟ್ಟು, ಬರಿಗಾಲಲ್ಲಿ, ದನಿ ತಗ್ಗಿಸಿ ನಡೆಯಬೇಕು. ಹಾಗೆ ನಡೆಯುವಾಗ ತಾವು ಯಾರದೋ ನಿದ್ದೆಯೊಳಗೆ ಇಳಿಯುತ್ತಿದ್ದೇವೆ ಅನ್ನಿಸುತ್ತಿತ್ತಂತೆ.

ಅಲ್ಲಿನ ಕಾವಲಿನ ಯಜಮಾನ ಮಹಾ ಕಟ್ಟುನಿಟ್ಟಿನವ. ಅವನ ಹೆಂಡತಿ ಮಕ್ಕಳಿದ್ದದ್ದು ಕೆಳಗಿನ ಊರಲ್ಲೇ. ಒಂದು ದಿನ ಅರಸನೇ ಬಂದ. “ಮಹಾಸ್ವಾಮಿ, ಕತ್ತಿ ಇಲ್ಲೇ ಇರಲಿ” ಎಂದ ಯಜಮಾನ. ಅರಸ ಕತ್ತಿ ಬಿಚ್ಚಿಟ್ಟು ಒಳಗೆ ಹೋದ. ಹೊರಗೆ ಬಂದ ಮೇಲೆ ಮೆಚ್ಚಿ, ಉಕ್ಕಿನ ಹಿಡಿಯ ಬಾಕುವೊಂದನ್ನು ತನ್ನ ಕೈಯಾರೆ ಅವನ ಸೊಂಟಕ್ಕೆ ಸಿಕ್ಕಿಸಿದ.

ಅರಸ ಸಿಕ್ಕಿಸಿದ್ದನ್ನು ತೆಗೆದಿಡುವುದು ಆ ಸೀಮೆಯಲ್ಲಿ ಅರಸನಿಗೆ ಮಾಡುವ ಅವಮಾನ. ಯಜಮಾನ ಅದನ್ನು ತೆಗೆಯಲಿಲ್ಲ. ಬಂದವರ ಸೊಂಟ ತಡವಿ ನೋಡುತ್ತಿದ್ದ, ಏಳೂ ಬಾಗಿಲು ದಾಟಿ ತಾನೂ ಹೋಗುತ್ತಿದ್ದ. ಆ ಬಾಕು ತನ್ನ ಮೈಯದೇ ಒಂದು ಭಾಗ ಎನ್ನುವಂತಾಗಿ, ಅದರ ನೆನಪೇ ಅವನಿಗೆ ಹೋಗಿತ್ತು. ಕನಸಿನಲ್ಲಿ ನಡೆಯುವವನಿಗೆ ತಾನು ತೊಟ್ಟದ್ದು ಕಾಣುತ್ತದೆಯೇ?

ಒಂದು ಮಧ್ಯಾಹ್ನ ಏಳನೆಯ ಬಾಗಿಲಾಚೆ ಅವನು ಚೀಲವೊಂದನ್ನು ಸರಿಸಲು ಬಗ್ಗಿದ. ಬಾಕು ಜಾರಿ ಕಲ್ಲಿನ ಮೇಲೆ ಬಿತ್ತು. ಆ ಕತ್ತಲೆಯಲ್ಲಿ ಕಿಡಿಯೊಂದು ಮಿಣುಕುಹುಳದಂತೆ ಮೆಲ್ಲಗೆ ಎದ್ದು, ಧೂಳೇಳದಂತೆ ನೆಲಕ್ಕೆ ಚಿಮುಕಿಸಿದ್ದ ನೀರಿನಲ್ಲಿ ಇಳಿದು ಆರಿತು. ಅಷ್ಟರೊಳಗೆ ಅವನು ತನ್ನ ಮಕ್ಕಳ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿ ಮುಗಿಸಿದ್ದ.

ಬಾಕುವನ್ನು ಎತ್ತಿಕೊಂಡು ಹೊರಗೆ ಬಂದು, ಮೊದಲ ಬಾಗಿಲ ಆಳನ್ನು ಕೇಳಿದ: “ನನ್ನ ಸೊಂಟದಲ್ಲಿ ಇದು ಇದ್ದದ್ದು ನಿನಗೆ ಕಾಣಲಿಲ್ಲವೇನೋ?”

“ದಿನಾ ಕಾಣ್ತಿತ್ತು ಬುದ್ಧಿ. ಯಾರ‍್ಯಾರನ್ನ ತಡೀಬೇಕು ಅಂತ ತಾವೇ ಹೇಳಿಕೊಟ್ರಿ. ಅದರಲ್ಲಿ ತಮ್ಮ ಹೆಸರು ಇರಲಿಲ್ಲ.”

ಗುರುಗಳು ಕತೆ ನಿಲ್ಲಿಸಿದರು. ಪರ್ವತಯ್ಯನಿಗೆ ಸಮಾಧಾನವಾಗಲಿಲ್ಲ. “ಆ ಯಜಮಾನ ತಿಳಿಗೇಡಿ, ಸರಿ. ನಮ್ಮ ಭಂಡಾರಕ್ಕೆ ಮೂರು ಬೀಗ ಸಾಕೇ?” ಎಂದ.

“ನಿನ್ನೆ ಸಂಜೆ ಭಂಡಾರದೊಳಗೆ ಓಲೆಗಳ ನಡುವೆ ದೀಪ ಉರಿಯುತ್ತಿತ್ತು ಪರ್ವತಯ್ಯ, ಕೀಲಿಕೈ ನಿನ್ನ ಹತ್ತಿರವೇ ಇತ್ತಲ್ಲ” ಎಂದರು ಗುರುಗಳು.