ಕಾವಲುಗಾರನನ್ನು ಕಂಡವರು ಯಾರು

"ಅವ್ವಾ, ನಾಳೆಯಿಂದ ನಿಮ್ಮ ಜಾಗದಲ್ಲಿ ಕೂತು ನಾನು ಪಾಠ ಹೇಳಬೇಕು. ನನಗೆ ತಿಳಿಯದ್ದನ್ನು ಯಾರಾದರೂ ಕೇಳಿದರೆ ಏನು ಮಾಡಲಿ? ಗೊತ್ತಿಲ್ಲ ಅಂದರೆ ನನ್ನ ಮಾತಿಗೆ ಮರ್ಯಾದೆ ಉಳಿಯುತ್ತದೆಯೇ?" ಎಂದು ಶಿಷ್ಯೆ ಕೇಳಿದಳು.

ಗುರುವಮ್ಮ "ಕೂತುಕೋ" ಎಂದು ಈ ಕತೆ ಹೇಳಿದರು.

ಒಬ್ಬ ಹೆಂಗಸು ಇದ್ದಳು. ರಾಗಿಯ ಪಟ್ಟಿ ನೋಡಿಕೊಳ್ಳುವುದು ಅವಳ ಕೆಲಸ. ರಾಗಿಯ ಕಾಳು ಎಷ್ಟು ಸಣ್ಣದು, ನೋಡಿದ್ದೀಯಲ್ಲ. ಅದರೊಳಗೆ ಬರಿಗಣ್ಣಿಗೆ ಕಾಣದ ಜೀನುಗಳು ಸಾವಿರಗಟ್ಟಲೆ. ಪೈರು ಎತ್ತರ ಏಳಬೇಕೋ ಗಿಡ್ಡ ನಿಲ್ಲಬೇಕೋ, ತೆನೆ ಬೇಗ ಮಾಗಬೇಕೋ ತಡವಾಗಿ ಮಾಗಬೇಕೋ, ಎಲ್ಲ ಅವುಗಳದೇ ಕಾರುಬಾರು. ಯಾವ ಜೀನಿನ ಕೆಲಸ ಯಾವುದು ಎಂದು ಒಂದೊಂದರ ಮುಂದೆ ಬರೆಯುತ್ತ ಹೋಗುವುದೇ ಆ ಪಟ್ಟಿ.

ಒಬ್ಬರಿಂದ ಆಗುವ ಕೆಲಸವಲ್ಲ. ಮೂರು ಊರಿನ ಪ್ರಯೋಗಶಾಲೆಯವರು ಕೂಡಿ ಬರೆಯುತ್ತಿದ್ದರು. ಎಲ್ಲರಿಗೂ ಅವಳು ದೊಡ್ಡಮ್ಮ. ಇಷ್ಟು ಜನ ಸೇರಿದ ಮೇಲೆ ಇಂಥ ಕೆಲಸಕ್ಕೆ ಇಂಥದೇ ಮಾತು ಎಂಬ ಕಟ್ಟು ಬೇಕಲ್ಲ? ಅದನ್ನೂ ಅವಳೇ ಮಾಡಿದ್ದಳು. ರೋಗ ತಡೆಯುವುದು, ರೋಗ ತಾಳುವುದು ಎರಡೂ ಒಂದೇ ಎಂದು ಒಬ್ಬ ಹಟ ಹಿಡಿದಾಗ ಅವಳು ಕೇಳಿದಳು: "ನೆಂಟನನ್ನು ಬಾಗಿಲಲ್ಲೇ ವಾಪಸು ಕಳಿಸುವುದೂ, ಒಳಗೆ ಬಿಟ್ಟುಕೊಂಡು ತಿಂಗಳುಗಟ್ಟಲೆ ಸಹಿಸುವುದೂ ಒಂದೇ ಏನಪ್ಪ?" ಅವನ ಮನೆಯಲ್ಲಿ ಆಗ ಭಾವಮೈದುನ ಬಂದು ಠಿಕಾಣಿ ಹಾಕಿದ್ದ. ಅವನು ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಂಡ.

ಪಟ್ಟಿಯಲ್ಲಿ ಇನ್ನೊಂದು ಕಲಂ ಇತ್ತು. ಇದು ಹೇಗೆ ಗೊತ್ತು? ಗಿಡ ಬೆಳೆಸಿ ಕಂಡದ್ದೋ, ಬೇರೆ ಪೈರಿನ ಜೀನನ್ನು ಹೋಲುತ್ತದೆ ಎಂದು ಊಹಿಸಿದ್ದೋ, ಅಲ್ಲಿ ಬರೆಯಬೇಕು. ಆದರೆ ಅದನ್ನು ಸೇರಿಸಿದ್ದು ಈಚೆಗೆ. ಹಳೆಯ ಬರಹಗಳ ಪಕ್ಕದಲ್ಲಿ, "ಬೇರೆ ಊರಿನವರೂ ಹೀಗೇ ಬರೆದಿದ್ದಾರೆ" ಎಂದು ತುಂಬಿ ಎಲ್ಲರೂ ಕೈತೊಳೆದುಕೊಂಡಿದ್ದರು.

ಒಂದು ದಿನ ರಾಗಿಯ ತಳಿ ಬೆಳೆಸುವ ಹೆಣ್ಣುಮಗಳೊಬ್ಬಳು ಬಂದಳು.

"ದೊಡ್ಡಮ್ಮ, ನಾನು ಈ ಕೆಲಸ ಬಿಡುತ್ತೇನೆ."

"ಯಾಕಮ್ಮ, ಏನಾಯಿತು?"

"ಪಟ್ಟಿಯಲ್ಲಿ ಕಾವಲುಗಾರ ಅಂತ ಒಂದು ಜೀನಿದೆಯಲ್ಲ, ಬೆಂಕಿ ರೋಗ ತಡೆಯುತ್ತದೆ ಅಂತ? ಅದು ಇರುವ ಗಿಡಗಳನ್ನೇ ಆರಿಸಿ ನಾಲ್ಕು ವರ್ಷ ಬೆಳೆಸಿದೆ. ನಾಲ್ಕು ವರ್ಷವೂ ತೆನೆ ಸುಟ್ಟ ಹಾಗೆ ಒಣಗಿತು. ಮೂರು ಊರಿನ ತಿಳಿದವರು ಬರೆದದ್ದು ತಪ್ಪಾಗುತ್ತದೆಯೇ? ನನ್ನ ಕೈಯೇ ಸರಿಯಿಲ್ಲ."

ದೊಡ್ಡಮ್ಮ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಒಂದೊಂದೇ ಊರಿಗೆ ಫೋನು ಮಾಡಿದಳು. ಮೊದಲನೆಯವರು ಎರಡನೆಯವರನ್ನು ನೋಡಿ ಬರೆದೆವು ಎಂದರು. ಎರಡನೆಯವರು ಮೂರನೆಯವರನ್ನು ನೋಡಿ ಬರೆದಿದ್ದರು. ಮೂರನೆಯವನು, ಅದೇ ಭಾವಮೈದುನನ ಮನೆಯವನು, ನಕ್ಕೇಬಿಟ್ಟ.

"ಏನು ದೊಡ್ಡಮ್ಮ, ನನ್ನನ್ನೇ ಪರೀಕ್ಷೆ ಮಾಡುತ್ತೀರಾ? ಅದು ನೀವೇ ಬರೆದದ್ದಲ್ಲವೇ! ನೀವು ಹೇಳಿದ ಮೇಲೆ ನಾನೇನು ಗಿಡ ಬೆಳೆಸಿ ನೋಡಲಿ?"

ಅವಳು ಪಟ್ಟಿಯ ಹಳೆಯ ಪುಸ್ತಕ ತೆಗೆದಳು. ಅಕ್ಷರ ಅವಳದೇ. ಏಳು ವರ್ಷದ ಹಿಂದೆ ಯಾರೋ ದೊಡ್ಡವರು ಪಟ್ಟಿ ನೋಡಲು ಬರುವವರಿದ್ದರು. ಖಾಲಿ ಜಾಗ ಕಾಣಬಾರದು ಎಂದು, ಬೆಂಕಿ ರೋಗ ತಡೆಯುವ ಭತ್ತದ ಒಂದು ಜೀನಿನ ಹಾಗೇ ಇದೆಯಲ್ಲ ಎಂದು, ಕಾವಲುಗಾರ ಎಂದು ಬರೆದುಬಿಟ್ಟಿದ್ದಳು. ಆ ಒಂದು ಊಹೆ ಮೂರು ಊರು ಸುತ್ತಿ, ಮೂರು ಸಾಕ್ಷಿಯಾಗಿ ನಿಂತಿತ್ತು.

ಅದು ಬರೀ ಊಹೆ ಎಂಬುದು ಅವಳೊಬ್ಬಳಿಗೇ ಗೊತ್ತು. ಪುಸ್ತಕ ಮುಚ್ಚಿದರೆ ಮುಗಿಯಿತು. ಬಾಯಿ ಬಿಟ್ಟರೆ ಇಷ್ಟು ವರ್ಷದ ಹೆಸರು ಏನಾಗಬೇಕು? ಒಂದು ಬರಹ ಹುಸಿಯಾದರೆ ಉಳಿದದ್ದನ್ನು ಯಾರು ನಂಬುತ್ತಾರೆ? ಕಿಟಕಿಯಿಂದ ನೋಡಿದಳು. ಆ ಹೆಣ್ಣುಮಗಳು ತನ್ನ ಎರಡು ಕೈಗಳನ್ನೂ ತಿರುವಿ ಮುರುವಿ ನೋಡಿಕೊಳ್ಳುತ್ತಿದ್ದಳು.

ದೊಡ್ಡಮ್ಮ ಅವಳನ್ನು ಒಳಗೆ ಕರೆದಳು. ಮೂರೂ ಊರಿನವರಿಗೆ ಕೇಳುವ ಹಾಗೆ ಫೋನು ಹಚ್ಚಿ ಹೇಳಿದಳು:

"ಕಾವಲುಗಾರ ಅಂತ ಬರೆದವಳು ನಾನು. ನಾನು ಕಾಣಲಿಲ್ಲ, ನೀವೂ ಕಾಣಲಿಲ್ಲ. ಇದರ ಕೆಲಸ ಏನು ಅಂತ ನನಗೆ ಗೊತ್ತಿಲ್ಲ."

ಆ ಹೆಣ್ಣುಮಗಳು ಜೋರಾಗಿ ನಕ್ಕಳು. ನಗುತ್ತ ನಗುತ್ತ ಅಳುವೇ ಬಂದುಬಿಟ್ಟಿತು.

"ಹಾಗಾದರೆ ನನ್ನ ಕೈಗೆ ಏನೂ ಆಗಿಲ್ಲ! ಅಯ್ಯೋ ದೊಡ್ಡಮ್ಮ, ನಾಲ್ಕು ವರ್ಷದಿಂದ ನನಗೆ ಸರಿಯಾಗಿ ಊಟ ಸೇರಿಲ್ಲ."

"ನಿನ್ನ ಕೈಗೇನಮ್ಮ? ನಮ್ಮೆಲ್ಲರಲ್ಲಿ ಗಿಡ ಬೆಳೆಸಿ ನೋಡಿದವಳು ನೀನೊಬ್ಬಳೇ" ಎಂದು ದೊಡ್ಡಮ್ಮ ಪಟ್ಟಿಯನ್ನು ಮುಂದಕ್ಕೆ ಎಳೆದುಕೊಂಡಳು. ಕಾವಲುಗಾರ ಎಂಬುದನ್ನು ಹೊಡೆದುಹಾಕಿ, "ಬೆಂಕಿ ರೋಗ ತಡೆಯುವುದಿಲ್ಲ. ನಾಲ್ಕು ವರ್ಷ ಬೆಳೆಸಿ ಕಂಡದ್ದು" ಎಂದು ಬರೆದು, ಮುಂದೆ ಆ ಹೆಣ್ಣುಮಗಳ ಹೆಸರು ಹಾಕಿದಳು.

ಫೋನಿನಲ್ಲಿ ಭಾವಮೈದುನನ ಮನೆಯವನು ಕೆಮ್ಮಿದ.

"ದೊಡ್ಡಮ್ಮ, ಬೈಯಬೇಡಿ. ನನ್ನದೂ ಹನ್ನೊಂದು ಇವೆ. ಬರೆಯಲೇಬೇಕಲ್ಲ ಅಂತ ಬರೆದದ್ದು."

"ಹನ್ನೊಂದೇ?" ಎಂದರು ಮೊದಲನೆಯ ಊರಿನವರು. "ನಮ್ಮವನ್ನು ಎಣಿಸಲು ನಾಳೆಯವರೆಗೆ ಪುರುಸೊತ್ತು ಕೊಡಿ."

ಎಲ್ಲರೂ ನಕ್ಕರು. ಆ ತಿಂಗಳೆಲ್ಲ ಅಳಿಸಿದ್ದೇ ಕೆಲಸ. ಪಟ್ಟಿಯ ತುಂಬ ಖಾಲಿ ಜಾಗಗಳಾದವು. ದೊಡ್ಡಮ್ಮ ಎಷ್ಟೋ ವರ್ಷದ ಮೇಲೆ ಹಗುರಾಗಿ ಉಸಿರಾಡಿದಳು. ಆ ಹೆಣ್ಣುಮಗಳು ಬೇರೆ ಗಿಡ ಆರಿಸಿಕೊಂಡು ಮತ್ತೆ ರಾಗಿಯ ಮಡಿಗೆ ಇಳಿದಳು.

ಗುರುವಮ್ಮ ಕತೆ ನಿಲ್ಲಿಸಿದರು. ಶಿಷ್ಯೆಗೆ ತಡೆಯಲಾಗಲಿಲ್ಲ.

"ಅಷ್ಟೊಂದು ಖಾಲಿ ಇದ್ದ ಪಟ್ಟಿಯನ್ನು ಆಮೇಲೆ ಜನ ನಂಬಿದರೇ ಅವ್ವಾ?"

ಗುರುವಮ್ಮ ಅವಳ ಮುಖವನ್ನೇ ನೋಡುತ್ತ ಹೇಳಿದರು: "ಅದು ನನಗೆ ಗೊತ್ತಿಲ್ಲ, ಮಗಳೇ."