ದೊರೆಯ ಉತ್ತರವನ್ನು ಒಪ್ಪದ ಹುಲಿಗಿ

"ಕೇಳಿರಪ್ಪೋ ಕೇಳಿ! ಹಂಜಿಗಲ್ಲಿನ ದೊರೆ ಸಿರುಮ ನಾಯಕರ ಅಪ್ಪಣೆ! ಇನ್ನು ಮುಂದೆ ಅರಮನೆಯ ವಿದ್ಯಾಶಾಲೆಯಲ್ಲಿ ಹುಟ್ಟುತ್ತಲೇ ಪ್ರತಿಭೆ ಪಡೆದು ಬಂದವರಿಗಷ್ಟೇ ಜಾಗ. ಮಿಕ್ಕವರು ಈ ಹುಣ್ಣಿಮೆಯೊಳಗೆ ಮನೆಗೆ ನಡೆಯಬೇಕು. ಒಪ್ಪದವರು ಆಸ್ಥಾನಕ್ಕೆ ಬಂದು ಮೂರು ಒಗಟು ಬಿಡಿಸಲಿ. ಬಿಡಿಸಿದರೆ ಅಪ್ಪಣೆ ರದ್ದು, ಮೇಲೆ ಬೇಡಿದ ಬಹುಮಾನ. ತಪ್ಪಿದರೆ ತಲೆದಂಡ!"

ಹುಣ್ಣಿಮೆಗೆ ಮೊದಲೇ ಶಾಲೆಯಿಂದ ನಲವತ್ತು ಮಂದಿ ಹೊರಬಿದ್ದಿದ್ದರು. ಅವರಲ್ಲಿ ಹುಲಿಗಿಯೂ ಒಬ್ಬಳು. ಹಗ್ಗದ ಮೇಲೆ ನಡೆದು ಹೊಟ್ಟೆ ಹೊರೆಯುವ ಆಟದವರ ಮಗಳು. ಹದಿನೆಂಟು ವರ್ಷ, ಎಡಗಾಲು ತುಸು ಗಿಡ್ಡ. ಶಾಲೆಗೆ ಸೇರಿ ವರ್ಷವಾದರೂ ಅಕ್ಷರ ಇನ್ನೂ ಡೊಂಕಾಗಿಯೇ ಬರುತ್ತಿತ್ತು.

"ನಾನು ಹೋಗ್ತೀನಪ್ಪ, ಆಸ್ಥಾನಕ್ಕೆ" ಎಂದಳು.

ಅಪ್ಪ ಹನುಮ ಬೆಚ್ಚಿಬಿದ್ದ. "ತಲೆ ಹೋಗೋ ಮಾತು ಮಗಾ. ನಮಗ್ಯಾಕೆ ಓದು?"

"ಈ ಕಾಲಿಟ್ಟುಕೊಂಡು ಹಗ್ಗ ಹತ್ತಬೇಡ ಅಂತ ನೀನೂ ಅಂದಿದ್ದೆ."

ಹನುಮ ತಲೆಗೆ ರುಮಾಲು ಸುತ್ತಿ ಅವಳ ಜೊತೆಗೇ ಹೊರಟ.

ಅವಳಿಗಿಂತ ಮೊದಲು ಇಬ್ಬರು ಆಸ್ಥಾನದಲ್ಲಿ ನಿಂತಿದ್ದರು. ಶಾಲೆಯ ಚಿಂತೆ ಇಬ್ಬರಿಗೂ ಇರಲಿಲ್ಲ, ಬಹುಮಾನದ ಆಸೆ ಇತ್ತು. ಒಬ್ಬ ಕೇಳಿದ ಕೂಡಲೇ ಪದ್ಯ ಕಟ್ಟುವ ಕವಿ ಶ್ರೀರಂಗಭಟ್ಟ. ಇನ್ನೊಬ್ಬ ದಳವಾಯಿಯ ಮಗ ವೀರಭದ್ರ. ಐದನೇ ವಯಸ್ಸಿಗೇ ಕುದುರೆ ಹತ್ತಿದವನೆಂದು ಊರೆಲ್ಲ ಹೊಗಳುತ್ತಿತ್ತು.

ದೊರೆ ಕೇಳಿದ: "ಅದನ್ನು ಯಾರೂ ಕೂತು ಕಟ್ಟಲಿಲ್ಲ, ಆದರೂ ಸಾವಿರ ಜನ ಸೇರಿ ಮಾಡಿದರು. ತುಳಿದಷ್ಟೂ ಬೆಳಗುತ್ತದೆ, ತುಳಿಯದೆ ಬಿಟ್ಟರೆ ಸಾಯುತ್ತದೆ. ಏನದು?"

"ಕಾವ್ಯ, ಪ್ರಭು!" ಎಂದ ಭಟ್ಟ, ದೊರೆಯ ಮಾತು ಮುಗಿಯುವ ಮೊದಲೇ.

"ತಪ್ಪು." ಕಾವಲಿನವರು ಅವನ ತೋಳು ಹಿಡಿದರು.

ವೀರಭದ್ರ ಬೆವರುತ್ತ "ಭೂಮಿತಾಯಿ" ಎಂದ. ಅವನನ್ನೂ ಎಳೆದೊಯ್ದರು. ಮರುದಿನ ಇಬ್ಬರ ತಲೆಯೂ ಉರುಳಬೇಕಿತ್ತು.

ಹುಲಿಗಿ ಮುಂದೆ ಬಂದಾಗ ಸಭೆಯಲ್ಲಿ ನಗು ಎದ್ದಿತು. ದೊರೆ ನಗಲಿಲ್ಲ. ಅದೇ ಒಗಟನ್ನು ಮತ್ತೆ ಹೇಳಿದ.

ಅವಳು ಅವಸರ ಮಾಡಲಿಲ್ಲ. ಊರೂರು ತಿರುಗಿದ ತನ್ನ ಕಾಲು ಕಂಡದ್ದನ್ನೆಲ್ಲ ಒಂದೊಂದಾಗಿ ನೆನೆದಳು.

"ಕಾಲುದಾರಿ, ಒಡೆಯಾ. ನಡೆದು ನಡೆದೇ ಆದದ್ದು. ನಡೆಯೋರು ಇಲ್ಲದಿದ್ರೆ ಹುಲ್ಲು ಮುಚ್ಚುತ್ತೆ."

ನಗು ನಿಂತಿತು. ದೊರೆ ಎರಡನೆಯದನ್ನು ಕೇಳಿದ: "ತಾಯಿಯ ಹೊಟ್ಟೆಯಿಂದ ಬರುವಾಗ ಯಾರಿಗೂ ಇರುವುದಿಲ್ಲ. ಕೊಳ್ಳಲಾಗದು, ಕದಿಯಲಾಗದು. ಬರುವಾಗ ನೋಯಿಸುತ್ತದೆ, ಬಂದ ಮೇಲೆ ನೋವು ತಡೆಯುತ್ತದೆ. ಏನದು?"

"ಜಡ್ಡು" ಎಂದಳು ಹುಲಿಗಿ. "ಮೊದಲು ಬೊಕ್ಕೆ ಬರುತ್ತೆ, ಒಡೆಯುತ್ತೆ, ಉರಿಯುತ್ತೆ. ಆಮೇಲೆ ಚರ್ಮ ಗಟ್ಟಿಯಾಗಿ ನಮ್ಮನ್ನೇ ಕಾಯುತ್ತೆ. ನನ್ನ ಅಂಗಾಲಲ್ಲಿದೆ. ಬಿಲ್ಲು ಎಳೆಯೋ ನಿಮ್ಮ ಬೆರಳಲ್ಲೂ ಇದೆ."

ದೊರೆಯ ಕೈ ತಾನಾಗಿ ಶಾಲಿನೊಳಗೆ ಸರಿಯಿತು. ಅವನಿಗೆ ಸಿಟ್ಟು ಬಂದಿತ್ತು. ಆ ಎರಡು ಒಗಟು ಅಜ್ಜನ ಕಾಲದವು, ಮೂರನೆಯದು ಅವನೇ ಕಟ್ಟಿದ್ದು.

"ಒಬ್ಬನೇ ಗುರುವಿನ ಬಳಿ ಹತ್ತು ಜನ ಕಲಿತರು. ಒಬ್ಬನಷ್ಟೇ ಮೇಲೆ ಬಂದ. ಅವನಲ್ಲಿದ್ದು ಮಿಕ್ಕವರಲ್ಲಿ ಇಲ್ಲದ್ದು ಯಾವುದು?"

ಉತ್ತರ ಎಲ್ಲರಿಗೂ ಗೊತ್ತಿತ್ತು, ಡಂಗುರದಲ್ಲೇ ಸಾರಿದ್ದರಲ್ಲ! ಬಾಗಿಲ ಬಳಿಯಿಂದ ಹನುಮ ಪಿಸುಗುಟ್ಟಿದ, "ಹುಟ್ಟು ಪ್ರತಿಭೆ ಅಂದುಬಿಡು ಮಗಾ, ಜೀವ ಉಳೀಲಿ."

ಹುಲಿಗಿ ಅಪ್ಪನ ಕಡೆ ತಿರುಗಿ ನೋಡಲಿಲ್ಲ. ತಲೆ ಎತ್ತಿದಳು.

"ನಿಮ್ಮ ಮನಸ್ಸಲ್ಲಿರೋ ಉತ್ತರ ನನಗೆ ಗೊತ್ತು, ಒಡೆಯಾ. ಅದನ್ನ ನಾನು ಹೇಳಲ್ಲ. ಅದು ಸುಳ್ಳು."

ಕಾವಲಿನವನ ಕೈ ಕತ್ತಿಗೆ ಹೋಯಿತು.

"ನನ್ನ ಉತ್ತರ, ಹಟ. ಬಿದ್ದಾಗ 'ನನ್ನಿಂದಾಗಲ್ಲ' ಅನ್ನದೆ, 'ಎಲ್ಲಿ ತಪ್ಪಿದೆ' ಅಂತ ಕೇಳ್ಕೊಂಡು ಮತ್ತೆ ಹತ್ತೋ ಹಟ. ನಾನು ಆರು ವರ್ಷ ಬಿದ್ದೆ. ಎರಡು ಸಲ ಕೈ ಮುರೀತು. ಈಗ ನಮ್ಮ ಗುಂಪಲ್ಲಿ ಎಲ್ಲರಿಗಿಂತ ಎತ್ತರದ ಹಗ್ಗ ನನ್ನದು. ಸರಿಯೋ ತಪ್ಪೋ ನೀವೇ ಹೇಳಿ. ಬಿಲ್ಲು ಹಿಡಿದ ಮೇಲೆ ಮೊದಲ ಗುರಿ ಮುಟ್ಟೋಕೆ ನಿಮಗೆ ಎಷ್ಟು ದಿನ ಬೇಕಾಯ್ತು? ನೀವು ಸುಳ್ಳು ಹೇಳಿದರೆ ಹೋಗೋದು ನನ್ನ ತಲೆ ಮಾತ್ರ."

ಹಂಜಿಗಲ್ಲಿನಲ್ಲಿ ಸಿರುಮ ನಾಯಕನಂಥ ಬಿಲ್ಲುಗಾರ ಇರಲಿಲ್ಲ. ಬಿಲ್ಲು ಹಿಡಿದೇ ಹುಟ್ಟಿದವನೆಂದು ಭಟ್ಟಂಗಿಗಳು ಇಪ್ಪತ್ತು ವರ್ಷ ಹಾಡಿದ್ದರು. ಅವನೂ ಅದನ್ನು ನಂಬಿಬಿಟ್ಟಿದ್ದ. ಈಗ ಶಾಲಿನೊಳಗೆ ತನ್ನ ಬೆರಳಿನ ಜಡ್ಡನ್ನು ಮುಟ್ಟಿ ನೋಡಿಕೊಂಡ.

"ನಾಲ್ಕು ವರ್ಷ" ಎಂದ. "ನನ್ನ ತಮ್ಮ ಒಂದೇ ವಾರದಲ್ಲಿ ಗುರಿ ಹೊಡೆದಿದ್ದ. ಆಮೇಲೆ ಬಿಲ್ಲು ಮುಟ್ಟಲೇ ಇಲ್ಲ. ನಾನು ಹಿತ್ತಲಲ್ಲಿ ಅಳುತ್ತ ಹೊಡೆಯುತ್ತಿದ್ದೆ." ಅವನು ಕೈಯನ್ನು ಹೊರತೆಗೆದು ಎಲ್ಲರೆದುರು ಎತ್ತಿ ಹಿಡಿದ. "ಹುಡುಗಿಯ ಉತ್ತರ ಸರಿ. ತಪ್ಪಿದ್ದು ನನ್ನ ಒಗಟು. ಏನು ಬೇಕು ಕೇಳು ತಾಯಿ."

"ನಲವತ್ತು ಜನರೂ ನಾಳೆಯೇ ಶಾಲೆಗೆ ಬರಲಿ. ಒಳಗಿರೋ ಆ ಇಬ್ಬರನ್ನೂ ಬಿಡಿ."

ದೊರೆ ಎರಡಕ್ಕೂ ಒಪ್ಪಿದ. ಮೇಲೆ ತಾನಾಗಿಯೇ ಅವಳನ್ನು ಶಾಲೆಯ ಗರಡಿಗೆ ಗುರುವಾಗಿ ನೇಮಿಸಿ, ಹನುಮನಿಗೆ ಕೋಟೆಯೊಳಗೆ ಮನೆ ಕೊಡಿಸಿದ.

ಸೆರೆಯಿಂದ ಹೊರಬಂದ ವೀರಭದ್ರ ಹುಲಿಗಿಯ ಮುಂದೆ ನಿಂತು ತಲೆ ತಗ್ಗಿಸಿದ. "ನೀನು ಸೋತಿದ್ದರೆ ನಾನು ನಗುತ್ತಿದ್ದೆ. ನನ್ನನ್ನೇಕೆ ಬಿಡಿಸಿದೆ?"

"ನೀವು ಸೋತದ್ದು ಇದೇ ಮೊದಲಲ್ಲವೇ? ಇನ್ನು ಕಲಿಯೋಕೆ ಶುರು ಮಾಡಬಹುದು" ಎಂದಳು ಹುಲಿಗಿ.